ನನ್ನ ಪುಟದಲ್ಲಿ ಅವಳ ಗುರಿ

ನನಗೆ ಎಮ್ಮೆ ಕಂಡರೆ ಭಯ. ಆಯುಸ್ಸಿನ ಮುಕ್ಕಾಲು ಪಾಲು ಸರ್ಕಾರದ ಸಂಬಳ ತಿಂದು ದನದ ಡಾಕ್ಟರಿಕೆ ಮಾಡಿದವಳು ಹೀಗಂದರೆ ನಗುತ್ತೀರಿ, ನಗಿ. ಹಸು ಪರವಾಗಿಲ್ಲ, ಒದೆಯುವ ಮೊದಲು ಏನಾದರೊಂದು ಸೂಚನೆ ಕೊಡುತ್ತದೆ. ಎಮ್ಮೆ ಸುಮ್ಮನೆ ನೋಡುತ್ತಾ ನಿಂತಿರುತ್ತದೆ. ಇಂಥವರು ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದ ಉತ್ತರ ಕೊಟ್ಟು ಕಳಿಸಿದ್ದೇನೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆದು ಮುಗಿಸಿದ ಮೇಲಾದರೂ ನನಗೆ ಅರ್ಥವಾಗುತ್ತದೆ ಎಂಬ ಭರವಸೆಯೇನಿಲ್ಲ.

ನಾವು ಯಲಹಂಕದವರು. ಅಪ್ಪನ ಪಾಲಿಗೆ ಬಂದ ಹೊಲ ಸಂಸಾರಕ್ಕೆ ಸಾಲದೆ ಅವರು ರೈಲ್ವೆ ಗೇಟು ಕಾಯುವ ಕೆಲಸಕ್ಕೆ ಸೇರಿಕೊಂಡಿದ್ದರು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ, ಅಂದರೆ ಹೈಸ್ಕೂಲಿನ ಕೊನೆಯ ವರ್ಷ. ತರಗತಿಯಲ್ಲಿ ಮೂವತ್ತು ಚಿಲ್ಲರೆ ಹುಡುಗರು, ಇಬ್ಬರೇ ಹುಡುಗಿಯರು. ಒಬ್ಬಳು ನಾನು. ಇನ್ನೊಬ್ಬಳು ಹೆಸರಘಟ್ಟದ ರಸ್ತೆಯ ಹಳ್ಳಿಯೊಂದರಿಂದ ಎರಡು ಮೈಲಿ ನಡೆದು ಬರುತ್ತಿದ್ದ ಗೆಳತಿ. ಬೆಳಗ್ಗೆ ಮೂರು ಎಮ್ಮೆ ಕರೆದು, ಕೊಟ್ಟಿಗೆ ಬಾಚಿ, ತಲೆಗೆ ನೀರು ಸುರಿದುಕೊಂಡು, ಒದ್ದೆ ಜಡೆಯಲ್ಲೇ ಬಂದು ಕೂರುತ್ತಿದ್ದಳು. ಮಾತು ಕಡಿಮೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವುದರೊಳಗೆ ಅವಳ ನೋಟುಬುಕ್ಕಿನಲ್ಲಿ ಉತ್ತರ ಇರುತ್ತಿತ್ತು. ನಾನು ಅದನ್ನು ನೋಡಿ ಬರೆದುಕೊಳ್ಳುತ್ತಿದ್ದೆ. ನನಗಿದ್ದದ್ದು ಒಂದೇ ವಿದ್ಯೆ, ದುಂಡಗಿನ ಅಕ್ಷರ.

ಆ ಅಕ್ಷರವೇ ನನ್ನನ್ನು ಹಳ್ಳಕ್ಕೆ ಕೆಡವಿತು. ಆ ವರ್ಷ ಮೈಸೂರಿನಿಂದ ಹೊಸ ಕನ್ನಡ ಮೇಷ್ಟ್ರು ವರ್ಗವಾಗಿ ಬಂದಿದ್ದರು. ಖಾದಿ ಕೋಟು, ಬಾಯಿ ತುಂಬ ಆದರ್ಶ. ಪರೀಕ್ಷೆಗೆ ಮೊದಲು ಬೀಳ್ಕೊಡುಗೆ ಸಮಾರಂಭದ ದಿನ ಒಂದು ಕೈಬರಹದ ಪತ್ರಿಕೆ ಹೊರಬರಬೇಕು ಎಂದು ಅವರ ಆಸೆ. ಹೊರಟು ನಿಂತಿರುವ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಪುಟ. ಪುಟಕ್ಕೆ ಮೂರು ತಲೆಬರಹ: ಸ್ವಭಾವ, ಹವ್ಯಾಸ, ಗುರಿ. ಎಲ್ಲರನ್ನೂ ಕೇಳಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಒಂದು ಬಾಟಲಿ ಇಂಕು, ಎರಡು ಹೊಸ ನಿಬ್ಬು ಕೈಗಿಟ್ಟು, "ಇದು ಚರಿತ್ರೆ ಅಮ್ಮಾ, ಮುಂದೊಂದು ದಿನ ಇದನ್ನು ಓದಿ ನೀವೇ ಬೆರಗಾಗ್ತೀರಿ" ಅಂದರು. ಆ ಒಂದು ಮಾತು ಮಾತ್ರ ಸುಳ್ಳಾಗಲಿಲ್ಲ.

ಸ್ವಭಾವ ಬರೆಯುವುದು ಸುಲಭವಾಗಿತ್ತು. ಮೂರು ವರ್ಷ ಒಂದೇ ಹೆಂಚಿನಡಿ ಕೂತವರ ಸ್ವಭಾವ ಗೊತ್ತಿರುವುದಿಲ್ಲವೇ? ಹವ್ಯಾಸಕ್ಕೂ ಕಷ್ಟವಾಗಲಿಲ್ಲ. ಕಬಡ್ಡಿಯಲ್ಲಿ ಉಸಿರು ಹಿಡಿದರೆ ನಾವು ಹತ್ತು ಎಣಿಸಿ ಮತ್ತೆ ಹತ್ತು ಎಣಿಸಿದರೂ ಬಿಡದಿದ್ದ ಒಬ್ಬ ಹುಡುಗನಿದ್ದ. ತಲೆ ಎತ್ತದೆ, ಬರೀ ಸದ್ದಿನಲ್ಲೇ ಇದು ಯಾವ ವಿಮಾನ ಎಂದು ಹೇಳುತ್ತಿದ್ದ ಇನ್ನೊಬ್ಬ. ವಿಮಾನದ ಮೈದಾನ ನಮ್ಮೂರ ಪಕ್ಕದಲ್ಲೇ ಇದ್ದುದರಿಂದ ದಿನಕ್ಕೆ ಹತ್ತು ಸಲ ಪಾಠ ನಿಲ್ಲುತ್ತಿತ್ತು, ಅವನ ಮುಖ ಮಾತ್ರ ಹತ್ತು ಸಲವೂ ಅರಳುತ್ತಿತ್ತು. ಪೇಟೆ ಬೀದಿಯ ಕಿರಾಣಿ ಅಂಗಡಿಯವರ ಮಗ ಭಾಷಣಗಾರ, ಚರ್ಚಾಸ್ಪರ್ಧೆ ಅಂದರೆ ಪರ ವಿರೋಧ ಎರಡಕ್ಕೂ ಅವನೇ ಸಿದ್ಧ.

ತೊಡಕಾದದ್ದು ಗುರಿ.

ಕಬಡ್ಡಿ ಹುಡುಗನನ್ನು ಕೇಳಿದೆ. "ಫೇಲಾಗ್ತೀನಿ. ಅದ್ನೇ ಬರ್ಕೊ" ಅಂದ. ವಿಮಾನದ ಹುಡುಗ, "ಅಪ್ಪನ ದ್ರಾಕ್ಷಿ ಚಪ್ರ ಐತಲ್ಲ, ಅದ್ನೇ ನೋಡ್ಕಂಡಿರ್ತೀನಿ" ಅಂದ. ಹೇಳುವಾಗಲೂ ಅವನ ಕಿವಿ ಆಕಾಶದ ಕಡೆಗೇ ಇತ್ತು. ಮತ್ತೊಬ್ಬ, "ನಮ್ಗೇನ್ ಗುರಿ ಕಣೇ, ಓಗು" ಅಂದ. ಇನ್ನೊಬ್ಬ ಅವರಪ್ಪನನ್ನು ಕೇಳಬೇಕೆಂದ. ಹೀಗೇ ಇಡೀ ತರಗತಿ. ಕಿರಾಣಿ ಅಂಗಡಿಯವರ ಮಗ ಒಬ್ಬನೇ ಎದ್ದು ನಿಂತು, "ಡೆಪ್ಯುಟಿ ಕಮಿಷನರ್" ಎಂದು ಗಟ್ಟಿಯಾಗಿ ಹೇಳಿದ. ಹಿಂದಿನ ಬೆಂಚಿನಿಂದ ಯಾರೋ "ಥೂ ಥೂ" ಅಂದರು. ಅದು ಉಗಿದದ್ದಲ್ಲ. ಪಾಪ, ಅವನ ಮೇಲೆ ಬೀಳಲಿದ್ದ ದೃಷ್ಟಿ ತೆಗೆದದ್ದು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮನಸ್ಸಿನಲ್ಲಿರುವುದನ್ನು ಆಗುವ ಮೊದಲೇ ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದದ್ದು ಕೈಗೂಡುವುದಿಲ್ಲ. ಎಮ್ಮೆ ನಾಲ್ಕು ಸೇರು ಕೊಟ್ಟರೆ "ಏನೋ, ಒಂದೆರಡು ಸೇರು" ಅನ್ನಬೇಕು. ಹೊರಟವರನ್ನು "ಎಲ್ಲಿಗೆ" ಎಂದು ಕೇಳುವಂತಿಲ್ಲ, ಕೇಳಿದರೆ ಅವರು ಮತ್ತೆ ಒಳಗೆ ಬಂದು, ಕೂತು, ನೀರು ಕುಡಿದು ಹೊರಡುತ್ತಾರೆ. ಹೆಣ್ಣು ನೋಡಲು ಹೋಗುವವರು ಸಂತೆಗೆ ಹೋಗುತ್ತೇವೆ ಅನ್ನುತ್ತಾರೆ. ನನ್ನಜ್ಜಿಯಂತೂ ಸಾರು ಚೆನ್ನಾಗಿದೆ ಎಂದು ಕೂಡ ಹೇಳಲು ಬಿಡುತ್ತಿರಲಿಲ್ಲ. ಇಂಥ ಮನೆಗಳಿಂದ ಬಂದ ಮೂವತ್ತು ಹುಡುಗರ ಮುಂದೆ ನಿಬ್ಬು ಹಿಡಿದು ನಿಂತು ನಿನ್ನ ಗುರಿ ಏನು ಅಂದರೆ ಯಾರು ಹೇಳುತ್ತಾರೆ? ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಮೇಷ್ಟ್ರು ಒಬ್ಬರೇ.

ಅವರು ಕರಡು ಓದಿ ಕನ್ನಡಕ ತೆಗೆದಿಟ್ಟರು. "ಏನಮ್ಮಾ ಇದು? ಇಷ್ಟು ಜನ ಇದ್ದೀರಿ, ಆ ಒಬ್ಬನನ್ನು ಬಿಟ್ಟರೆ ಯಾರಿಗೂ ಒಂದು ಕನಸಿಲ್ಲವೇ?" ಎಂದು ನೊಂದುಕೊಂಡರು. ಮಾರನೆಯ ದಿನ ಒಂದು ಪೀರಿಯಡ್ಡು ಪೂರ್ತಿ ಗುರಿಯ ಮಹತ್ವ ಕುರಿತು ಪಾಠ ಮಾಡಿದರು. ಎಲ್ಲರೂ ತಲೆ ಬಗ್ಗಿಸಿ ಕೇಳಿದರು. ಪಾಠ ಮುಗಿದ ಮೇಲೆ ಮತ್ತೆ ಕೇಳಿದಾಗ ಕಬಡ್ಡಿ ಹುಡುಗ ಸ್ವಲ್ಪ ಯೋಚಿಸಿ, "ಫೇಲೇ ಇರ್ಲಿ ಬಿಡು" ಅಂದ.

ಗೆಳತಿಯನ್ನು ನಾನು ಕೊನೆಗೆ ಕೇಳಿದೆ. ಊಟದ ಬಿಡುವು, ಶಾಲೆಯ ಬಾವಿಯ ಕಟ್ಟೆ. ಅವಳು ಮುದ್ದೆಯ ಡಬ್ಬಿ ತೊಳೆಯುತ್ತಿದ್ದಳು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದಳು.

"ಹೆಬ್ಬಾಳದಾಗೆ ದನದ ಡಾಕ್ಟ್ರ ಕಾಲೇಜು ಆಗೈತಂತೆ. ನಿಂಗೊತ್ತಾ?"

ಗೊತ್ತಿಲ್ಲವೆಂದೆ.

"ಅಲ್ಲಿ ಎಣ್ಮಕ್ಳುನ್ನ ಸೇರಿಸ್ಕಂತಾರಾ?"

ನನಗೆ ನಗು ಬಂತು. ಅವಳು ನಗಲಿಲ್ಲ. ಹಿಂದಿನ ವರ್ಷ ಅವರ ಮನೆಯ ದೊಡ್ಡ ಎಮ್ಮೆ ಈಯಲಾರದೆ ಸತ್ತಿತ್ತು. ಡಾಕ್ಟರಿಗೆ ಹೇಳಿಕಳಿಸಿ ಅವರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮನೆಯವರ ಪೈಕಿ ಇವಳದೇ ತೆಳ್ಳಗಿನ ಕೈ ಎಂದು ಇವಳ ಕೈಯನ್ನೇ ಒಳಗೆ ಹಾಕಿಸಿದ್ದರಂತೆ. "ಕರುವಿನ ಕಾಲು ಕೈಗೆ ಸಿಕ್ತಿತ್ತು ಕಣೆ. ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಗೊತ್ತಿದ್ದಿದ್ರೆ ಎರಡೂ ಉಳೀತಿದ್ವು" ಅಂದಳು. ಮಾತಿಲ್ಲದ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಂಗಾದ್ರೆ ಅದನ್ನೇ ಬರೀತೀನಿ" ಅಂದೆ.

ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಬರೆದ್ರೆ ನನ್ನಾಣೆ. ಬಾಯ್ಬಿಟ್ರೂ ನನ್ನಾಣೆ. ಮನೇಲಿರೋದು ಅಂತ ಬರಿ."

ನಾನು ಹಾಗೆಯೇ ಬರೆದೆ. ಗುರಿ: ಮನೆಯಲ್ಲಿರುವುದು. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಸಮಾರಂಭದ ದಿನ ಬೆಳಗ್ಗೆ ಎಲ್ಲರ ಪುಟವೂ ಮುಗಿದು ನನ್ನದೊಂದು ಉಳಿದಿತ್ತು. ಸ್ವಭಾವ: ಸ್ನೇಹಪರಳು. ಹವ್ಯಾಸ: ಬರವಣಿಗೆ. ಗುರಿ? ಅಲ್ಲಿಗೆ ನಿಂತೆ. ಬೇರೆಯವರು ಇದ್ದದ್ದನ್ನು ಮುಚ್ಚಿಟ್ಟು ಸುಳ್ಳು ಹೇಳಿದ್ದರು. ನನಗೆ ಮುಚ್ಚಿಡಲು ಏನೂ ಇರಲಿಲ್ಲ. ಪಾಸಾದರೆ ಪಾಸು, ಮದುವೆಯಾದರೆ ಮದುವೆ, ರೈಲು ಬಂದರೆ ಗೇಟು ಹಾಕುವುದು. ಎಷ್ಟು ಯೋಚಿಸಿದರೂ ಒಳಗೆ ಏನೂ ಸಿಗಲಿಲ್ಲ, ನನಗೆ ಅಳು ಬಂತು. ಪುಟಗಳನ್ನು ಹೊಲಿಯಲು ಸೂಜಿ ದಾರ ಹಿಡಿದು ಶಾಲೆಯ ಜವಾನ ತಲೆಯ ಮೇಲೆ ನಿಂತಿದ್ದ. "ಬೇಗ ಕೊಡಮ್ಮ, ಗೆಸ್ಟು ಬರೋ ಒತ್ತಾಯ್ತು" ಎಂದು ಪೀಡಿಸುತ್ತಿದ್ದ.

ಬರೆದುಬಿಟ್ಟೆ. "ಪಶುವೈದ್ಯೆಯಾಗಿ ಮೂಕಪ್ರಾಣಿಗಳ ಸೇವೆ ಮಾಡುವುದು."

ಯಾಕೆ ಬರೆದೆ? ಅಂದಿನಿಂದ ಇಂದಿನವರೆಗೆ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಮೇಷ್ಟ್ರಿಗೆ ಇನ್ನೊಂದಾದರೂ ಕನಸು ಸಿಗಲಿ ಎಂದು ಇರಬಹುದು. ಅಷ್ಟು ಒಳ್ಳೆಯ ಆಸೆ ಪತ್ರಿಕೆಯಲ್ಲಿ ಎಲ್ಲೂ ಇಲ್ಲದೆ ಹೋಗುವುದು ಸರಿಯಲ್ಲ ಅನ್ನಿಸಿರಬಹುದು. ಅವಳ ಹೆಸರು ಹಾಕಿಲ್ಲವಲ್ಲ, ಆಣೆ ಮುರಿಯಲಿಲ್ಲ ಎಂದು ಅಂದುಕೊಂಡದ್ದಂತೂ ನೆನಪಿದೆ. ಅವಳ ನೋಟುಬುಕ್ಕಿನಿಂದ ಲೆಕ್ಕ ನೋಡಿ ಬರೆಯುವ ಅಭ್ಯಾಸ ಕೈಗೆ ಅಂಟಿತ್ತು, ಅದೂ ಇರಬಹುದು. ಒಂದೊಂದು ವಯಸ್ಸಿನಲ್ಲಿ ಒಂದೊಂದು ನಿಜ ಅನ್ನಿಸಿದೆ.

ಮಧ್ಯಾಹ್ನ ಸಮಾರಂಭ. ಅತಿಥಿಯಾಗಿ ಬಂದವರು ಹೆಸರಘಟ್ಟದ ಕಡೆಯಿಂದ, ದನಗಳ ಇಲಾಖೆಯ ದೊಡ್ಡ ಅಧಿಕಾರಿ. ಇದು ನನಗೆ ಗೊತ್ತಿರಲಿಲ್ಲ, ದೇವರಾಣೆ ಗೊತ್ತಿರಲಿಲ್ಲ. ಯಾರೋ ಸಾಹಿತಿಯನ್ನು ಕರೆಸುತ್ತಾರೆ ಎಂದುಕೊಂಡಿದ್ದೆ. ಹೆಡ್ಮಾಸ್ಟರು ವರದಿ ಓದುತ್ತಿದ್ದ ಅಷ್ಟು ಹೊತ್ತೂ ಆ ಮನುಷ್ಯ ನಮ್ಮ ಪತ್ರಿಕೆಯ ಪುಟ ತಿರುವುತ್ತಾ ಕೂತಿದ್ದರು. ಒಂದು ಕಡೆ ಅವರ ಕೈ ನಿಂತಿತು. ಮತ್ತೆ ಓದಿದರು.

ಅವರು ಎದ್ದು ಮಾತಾಡಿದ್ದು ಸ್ವಲ್ಪವೇ. ಇಲ್ಲಿರುವ ಮಕ್ಕಳು ಬಹಳ ವಿನಯವಂತರು ಎಂದರು. "ಒಬ್ಬ ಹುಡುಗಿ, ತರಗತಿಗೇ ಮೊದಲಂತೆ, ಗುರಿ ಮನೆಯಲ್ಲಿರುವುದು ಅಂತ ಬರೆದಿದ್ದಾಳೆ. ತಪ್ಪೇನಿಲ್ಲ, ಮನೆಯೂ ಬೆಳಗಬೇಕು" ಎಂದರು. ಜನ ನಕ್ಕರು. ಆಮೇಲೆ ನನ್ನ ಪುಟ ತೆಗೆದು ಗಟ್ಟಿಯಾಗಿ ಓದಿ, "ಇದು ಯಾರಮ್ಮಾ? ಎದ್ದು ನಿಲ್ಲಿ ನೋಡೋಣ" ಎಂದರು.

ನಿಂತೆ.

"ಹಸು ಎಮ್ಮೆ ಅಂದ್ರೆ ಅಷ್ಟು ಪ್ರೀತೀನಾ?"

"ಹೌದು ಸಾರ್."

ಬೆಂಗಳೂರಿನಲ್ಲಿ ಬಡ ಹೆಣ್ಣುಮಕ್ಕಳಿಗೆಂದು ನಡೆಸುತ್ತಿದ್ದ ಒಂದು ಹಾಸ್ಟೆಲಿನ ಸಮಿತಿಯಲ್ಲಿ ಅವರಿದ್ದರು. ವರ್ಷಕ್ಕೆ ಒಬ್ಬಳನ್ನು ಅವರು ಆರಿಸಬಹುದಿತ್ತಂತೆ. ಊಟ, ವಸತಿ, ಫೀಸು ಎಲ್ಲವೂ ಓದು ಮುಗಿಯುವವರೆಗೆ ಅವರದೇ. ಇಂಥ ಆಸೆ ಇಟ್ಟುಕೊಂಡ ಹುಡುಗಿಯನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ, ಈ ವರ್ಷದ ಜಾಗ ಇವಳಿಗೆ ಎಂದು ವೇದಿಕೆಯ ಮೇಲೇ ಹೇಳಿಬಿಟ್ಟರು. ಮೇಷ್ಟ್ರು ಕಣ್ಣೊರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ನಮ್ಮಪ್ಪ ಗೇಟು ಇನ್ನೊಬ್ಬರಿಗೆ ಒಪ್ಪಿಸಿ ಬಂದು ಹಿಂದೆ ನಿಂತಿದ್ದವರು, ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದರು.

ಗೆಳತಿ ನನ್ನ ಪಕ್ಕದಲ್ಲೇ, ಅದೇ ಬೆಂಚಿನಲ್ಲಿ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟಿದಳು. ಮುಖ ನೋಡಿದೆ, ವೇದಿಕೆಯ ಕಡೆಗಿತ್ತು. ಸಾರ್, ಇದು ನನ್ನದಲ್ಲ, ಇವಳದು ಎಂದು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ಆಣೆ ಮುರಿಯುತ್ತದೆ, ಅವಳಣ್ಣ ಎರಡು ಸಾಲು ಹಿಂದೆ ಕೂತಿದ್ದಾನೆ, ಮನೆಗೆ ಹೋದ ಮೇಲೆ ಅವಳ ಗತಿ ಏನು ಎಂದು ಯೋಚಿಸಿದೆ. ಇದು ನಿಜ. ಅಷ್ಟೂ ಜನ ನನ್ನನ್ನೇ ನೋಡಿ ಚಪ್ಪಾಳೆ ತಟ್ಟುತ್ತಿದ್ದದ್ದು ನನಗೆ ಹಿತವಾಗಿತ್ತು. ಇದೂ ನಿಜ. ಇವೆರಡರಲ್ಲಿ ಯಾವುದು ನನ್ನ ಬಾಯಿ ಮುಚ್ಚಿಸಿತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಇಬ್ಬರೂ ರೈಲ್ವೆ ಗೇಟಿನವರೆಗೆ ಒಟ್ಟಿಗೆ ನಡೆದೆವು. ಅವಳ ಅಣ್ಣ ಸೈಕಲ್ಲು ತಳ್ಳಿಕೊಂಡು ಮುಂದೆ ಹೋಗುತ್ತಿದ್ದ. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ, ಅತ್ತು, ಹಗುರಾಗುತ್ತಿದ್ದೆ.

"ಕೇಸರಿಬಾತು ಚೆಂದಾಗಿತ್ತು" ಅಂದಳು.

"ನಿಂಗೆ ಕೋಪ ಬಂತಾ?"

"ಯಾಕೆ?"

"ನಾಳೆ ಮೇಷ್ಟ್ರಿಗೆ ಹೇಳ್ಬಿಡ್ತೀನಿ."

"ಏನಂತ ಏಳ್ತೀಯ? ಆಣೆ ಇಕ್ಕಿದೀನಿ, ನೆಪ್ಪಿರ್ಲಿ" ಅಂದು ಗೇಟು ದಾಟಿ ಹೋದಳು.

ಆದರೂ ಸೋಮವಾರ ಮೇಷ್ಟ್ರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, "ಸಾರ್, ಅವಳಿಗೂ ಓದೋ ಆಸೆ ಇದೆ. ಆ ಜಾಗ ಅವಳಿಗೇ ಕೊಡಿಸಿ" ಅಂದೆ. ಅವರು ಪತ್ರಿಕೆ ತಂದು ಅವಳ ಪುಟ ತೆರೆದು ತೋರಿಸಿದರು. "ನೀನೇ ಕೇಳಿ ನೀನೇ ಬರೆದಿದ್ದೀಯಲ್ಲಮ್ಮ" ಅಂದರು. ಅದು ಸುಳ್ಳು ಸಾರ್ ಎಂದರೆ, ಹಾಗಾದರೆ ನಿಜ ಏನು ಎಂದು ಕೇಳುತ್ತಾರೆ. ನಾನು ನೆಲ ನೋಡುತ್ತಾ ನಿಂತೆ. ಅವರಿಗೆ ನನ್ನ ದೊಡ್ಡಗುಣದ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು. ಗೆಳತಿಗಾಗಿ ತ್ಯಾಗ ಮಾಡಲು ಹೊರಟ ಹುಡುಗಿ ಎಂದು ಊರಲ್ಲಿ ನಾಲ್ಕು ಜನಕ್ಕೆ ಹೇಳಿಬಿಟ್ಟರು. ಅದನ್ನು ಕೇಳಿ ನನಗೆ ಬಾವಿಗೆ ಹಾರಬೇಕು ಅನ್ನಿಸಿತು.

ಅಜ್ಜಿಗೆ ಬೇರೆಯೇ ಚಿಂತೆ. "ಬರೆದಿಟ್ಟೆಯಾ? ಎಲ್ಲಾರ ಮುಂದೆ ಓದಿಸ್ಕಂಡೆಯಾ? ಇನ್ನೆಲ್ಲಿ ಆಯ್ತದೆ ಬಿಡು" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅವಳ ಮಾತು ನಿಜವಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಆಗಲಿಲ್ಲ. ಫಲಿತಾಂಶ ಬಂತು. ಗೆಳತಿ ಮೊದಲ ದರ್ಜೆ, ನಾನು ಎರಡನೆಯದು. ಆ ಬೇಸಿಗೆಯಲ್ಲೇ ಅವಳನ್ನು ಕೆಂಪಾಪುರಕ್ಕೆ ಕೊಟ್ಟು ಮದುವೆ ಮಾಡಿದರು. ಹೆಬ್ಬಾಳದ ಕೆರೆಯ ಆಚೆ, ಆ ಕಾಲೇಜಿನಿಂದ ಕೂಗಿದರೆ ಕೇಳಿಸುವಷ್ಟು ದೂರದ ಹಳ್ಳಿ. ನಾನು ಹಾಸ್ಟೆಲು ಸೇರಿ, ಪಿಯುಸಿ ಮುಗಿಸಿ, ಅದೇ ಕಾಲೇಜಿಗೆ ಹೋದೆ. ಮೊದಲ ದಿನ ಎಮ್ಮೆಯ ಜ್ವರ ನೋಡಲು ಹೇಳಿದಾಗ ಥರ್ಮಾಮೀಟರು ಒಡೆದೆ. ಬಿಟ್ಟು ಬರಬೇಕೆಂದು ಎಷ್ಟೋ ಸಲ ಪೆಟ್ಟಿಗೆ ಕಟ್ಟಿದೆ. ಬಿಟ್ಟರೆ ಆ ಜಾಗ ಅವಳಿಗೂ ಇಲ್ಲ ನನಗೂ ಇಲ್ಲ ಅಂತಾಗುತ್ತದಲ್ಲ ಎಂದು ಮತ್ತೆ ಬಿಚ್ಚಿದೆ. ಅವಳ ಪಾಲಿನ ಊಟ ಉಣ್ಣುತ್ತಿದ್ದೇನೆ ಅನ್ನಿಸುತ್ತಿತ್ತು, ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಉಳಿದವರ ಸುದ್ದಿ ಕಿವಿಗೆ ಬೀಳುತ್ತಿತ್ತು. ದ್ರಾಕ್ಷಿ ಚಪ್ಪರ ನೋಡಿಕೊಳ್ಳುತ್ತೇನೆ ಎಂದವನು ವಾಯುಸೇನೆ ಸೇರಿದ್ದ. ಪರೀಕ್ಷೆಗೆ ಮೊದಲೇ ಗುಟ್ಟಾಗಿ ಅರ್ಜಿ ಹಾಕಿದ್ದನಂತೆ. ಫೇಲಾಗುತ್ತೇನೆ ಎಂದವನು ಪಾಸಾಗಿ ಪೊಲೀಸಿನಲ್ಲಿದ್ದ. ಡೆಪ್ಯುಟಿ ಕಮಿಷನರ್ ಎಂದವನು ಅಪ್ಪನ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. ಅಲ್ಲಿಗೆ ಅಜ್ಜಿಯ ಮಾತೇ ಸರಿ, ಹೇಳದವರಿಗೆ ಆಯಿತು, ಹೇಳಿದವನಿಗೆ ಆಗಲಿಲ್ಲ ಎನ್ನೋಣ ಎಂದರೆ ನಡುವೆ ನಾವಿಬ್ಬರು ಬಂದು ನಿಲ್ಲುತ್ತಿದ್ದೆವು. ಹೇಳದೆ ಮುಚ್ಚಿಟ್ಟವಳಿಗೆ ಯಾಕೆ ಆಗಲಿಲ್ಲ? ಊರಿಗೆಲ್ಲ ಓದಿಸಿದ ನನಗೆ ಯಾಕೆ ಆಯಿತು? ನನ್ನದು ನಿಜವಾದ ಆಸೆಯಲ್ಲ, ಅದಕ್ಕೇ ದೃಷ್ಟಿಗೆ ತಾಗಲು ಏನೂ ಸಿಗಲಿಲ್ಲ ಎಂದು ಒಂದು ಲೆಕ್ಕ ಹಾಕಿದ್ದೆ. ಇಲ್ಲ, ಅವಳು ಬಾವಿಕಟ್ಟೆಯಲ್ಲಿ ನನಗೆ ಹೇಳಿದಳಲ್ಲ, ತಗಲಿದ್ದು ನನ್ನ ಕಣ್ಣೇ ಇರಬೇಕು ಎಂದು ಇನ್ನೊಂದು. ಎರಡನೆಯದು ಹೊಳೆದ ದಿನ ನನಗೆ ಊಟ ಸೇರಲಿಲ್ಲ.

ಓದು ಮುಗಿದು ಹೆಬ್ಬಾಳದ ಕಡೆಯಲ್ಲೇ ಕೆಲಸಕ್ಕೆ ಹಾಕಿದರು. ಆರೇಳು ವರ್ಷ ಕಳೆದಿತ್ತು. ನಮ್ಮ ದನದ ಆಸ್ಪತ್ರೆಯಿಂದ ಕೆಂಪಾಪುರ ಎರಡು ಮೈಲಿ ದೂರ. ನಾನು ಅವಳನ್ನು ನೋಡಲು ಹೋಗಲಿಲ್ಲ, ಧೈರ್ಯ ಬರಲಿಲ್ಲ. ಒಂದು ಬೆಳಗ್ಗೆ ಆ ಊರಿನಿಂದ ಯಾರೋ ಸೈಕಲ್ಲು ತುಳಿದುಕೊಂಡು ಬಂದರು. ಎಮ್ಮೆ ಈಯುತ್ತಾ ಸಿಕ್ಕಿಹಾಕಿಕೊಂಡಿದೆ, ದೊಡ್ಡ ಡಾಕ್ಟರು ರಜೆ, ನೀವೇ ಬನ್ನಿ ಅಂದರು. ಹೋದೆ. ಕೊಟ್ಟಿಗೆಯಲ್ಲಿ ಎಮ್ಮೆಯ ತಲೆ ಹಿಡಿದುಕೊಂಡು ನಿಂತಿದ್ದವಳು ಅವಳೇ.

ಅತ್ತೆ, ಗಂಡ, ಅಕ್ಕಪಕ್ಕದವರು ಎಲ್ಲ ಸೇರಿದ್ದರು. "ಬನ್ನಿ ಡಾಕ್ಟ್ರಮ್ಮ" ಅಂದಳು. ಬಹುವಚನ ನನ್ನ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನೂ ಗುರುತಿಲ್ಲದವಳ ಹಾಗೆ ತಲೆಯಾಡಿಸಿ, ಸೋಪು ಹಚ್ಚಿ ತೊಳೆದುಕೊಂಡು ಕೈ ಹಾಕಿದೆ. ಕರುವಿನ ತಲೆ ಸಿಕ್ಕಿತು, ಒಂದು ಕಾಲು ಸಿಕ್ಕಿತು. ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಎಮ್ಮೆ ತಿಣುಕಿ ಮುಕ್ಕಿದಾಗಲೆಲ್ಲ ನನ್ನ ಕೈ ಮುರಿಯುವಂತೆ ಬಿಗಿಯುತ್ತಿತ್ತು. ಪುಸ್ತಕದಲ್ಲಿದ್ದದ್ದು ಒಂದೂ ನೆನಪಾಗಲಿಲ್ಲ. ಹೆದರಿಕೆಯಲ್ಲಿ ಸಿಕ್ಕ ಕಾಲನ್ನೇ ಎಳೆಯತೊಡಗಿದೆ.

ಅವಳು ಎಮ್ಮೆಯ ತಲೆಯನ್ನು ಗಂಡನ ಕೈಗೆ ಕೊಟ್ಟು, ಬಿಸಿನೀರಿನ ಚೊಂಬು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಬಗ್ಗಿದಳು. ನೀರು ಹಾಕುವವಳ ಹಾಗೆ ಕಿವಿಯ ಹತ್ತಿರ ಹೇಳಿದಳು. "ಎಳೀಬೇಡ ಕಣೆ. ಮುಕ್ಕೋದು ನಿಂತಾಗ ಕರೂನ ಇಂದಕ್ಕೆ ತಳ್ಳು. ಜಾಗ ಆಯ್ತದೆ. ಆಮೇಲೆ ಗೊರಸು ಅಂಗೈಲಿ ಮುಚ್ಕಂಡು ಮೆಲ್ಲುಗೆ ಮುಂದಕ್ಕೆ ತಾ."

ತಳ್ಳಿದೆ. ಗೊರಸು ಅಂಗೈಗೆ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಕರು ಹುಲ್ಲಿನ ಮೇಲೆ ಬಿದ್ದಿತ್ತು, ಜೀವ ಇತ್ತು. ಅವಳು ಎಲ್ಲರಿಗಿಂತ ಮೊದಲು, "ಡಾಕ್ಟ್ರಮ್ಮ ಎರಡೂ ಜೀವ ಉಳಿಸ್ಕೊಟ್ರು" ಎಂದು ಕೂಗಿ ಹೇಳಿದಳು. ಅತ್ತೆ ನನಗೆ ಕೈ ಮುಗಿದರು. ನನ್ನ ಬಾಯಿ ಅವತ್ತಿನ ಹಾಗೆಯೇ ತೆರೆದು, ಹಾಗೆಯೇ ಮುಚ್ಚಿತು.

ಕೈ ತೊಳೆಯಲು ಹಿತ್ತಲಿಗೆ ಕರೆದುಕೊಂಡು ಹೋದಳು. ಇಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ.

"ಆ ಜಾಗ ನಿಂದು ಕಣೆ. ನಿನ್ನ ಆಸೆ ಕದ್ದು ನನ್ನ ಪುಟದಲ್ಲಿ ಬರ್ಕೊಂಡೆ. ನನ್ನ ಕ್ಷಮಿಸು."

ಅವಳು ಚೊಂಬು ಹಿಡಿದೇ ನಿಂತಳು. "ಯಾವ ಆಸೆ?"

"ದನದ ಡಾಕ್ಟ್ರಾಗೋದು. ಬಾವಿಕಟ್ಟೆ ಹತ್ರ ಹೇಳಿದ್ಯಲ್ಲ."

"ನಾನಾ? ಅಂಗಂದಿದ್ನಾ?" ಅಂದು ನಕ್ಕಳು. "ಇಲ್ಲಪ್ಪ. ನಂಗ್ ನೆಪ್ಪಿಲ್ಲ."

ನಿಜವಾಗಿಯೂ ಮರೆತಿದ್ದಳೇ? ನನ್ನ ಹೊರೆ ಇಳಿಸಲು ಹಾಗಂದಳೇ? ಅಥವಾ ಆ ಆಸೆ ಇನ್ನೂ ಒಳಗೇ ಇದ್ದು, ಈಗಲೂ ಬಾಯಿ ಬಿಡಬಾರದೆಂದು ಮುಚ್ಚಿಟ್ಟಳೇ? ಮುಖ ಹುಡುಕಿದೆ. ಚಪ್ಪಾಳೆ ತಟ್ಟಿದ ದಿನದ ಮುಖವೇ ಇತ್ತು, ಏನೂ ತಿಳಿಯಲಿಲ್ಲ. ನನಗೆ ಸಿಟ್ಟು ಬಂತು, ಹೌದು, ಅವಳ ಮೇಲೇ. ಅಷ್ಟು ವರ್ಷ ಹೊತ್ತದ್ದನ್ನು ಇಳಿಸಲು ಹೋದರೆ ಅದು ತನ್ನದಲ್ಲ ಅನ್ನುತ್ತಾಳಲ್ಲ.

ನೀರು ಹಾಕುತ್ತಾ ಅವಳೇ ಕೇಳಿದಳು. "ಅದ್ಸರಿ. ಅದು ನಂದು ಅಂತೀಯಲ್ಲ, ಅಂಗಾರೆ ನಿಂಗೇನಾಗ್ಬೇಕು ಅಂತಿತ್ತು?"

ಕೈ ಒರೆಸಿಕೊಳ್ಳುತ್ತಾ ಯೋಚಿಸಿದೆ. ಎಷ್ಟು ಹುಡುಕಿದರೂ ಹಳೆಯ ಉತ್ತರವೇ ಸಿಕ್ಕಿತು.

"ಏನೂ ಇರ್ಲಿಲ್ಲ ಕಣೆ" ಅಂದೆ.

ಅವಳು ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿ, ಹಿತ್ತಲ ಬಾಗಿಲ ಕಡೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು, ದನಿ ತಗ್ಗಿಸಿದಳು.

"ಸರಿ, ಏಳ್ಬೇಡ ಬಿಡು. ಇನ್ನೂ ಆಗ್ಬೌದು."

ನಾನು ನಿಜವನ್ನೇ ಹೇಳಿದೆ ಎಂದು ಅವಳನ್ನು ನಂಬಿಸುವ ದಾರಿ ನನಗೆ ಗೊತ್ತಿರಲಿಲ್ಲ.